ನಾಲ್ಕು ಕೈಯ ಗೊಬ್ಬರ

ಚಳಿ ಹಿಂದೆ ಸರಿದು ಬಿಸಿಲಿಗೆ ನಿಧಾನವಾಗಿ ಕಸುವು ಬರುತ್ತಿದ್ದ ದಿನಗಳು. ಹೊತ್ತು ಮೂಡಿದ್ದರೂ ನೆಲ ಇನ್ನೂ ಬೆಚ್ಚಗಾಗಿರಲಿಲ್ಲ. ಬೀದಿಗೆ ತೆರೆದ ಮುಂಗೋಣೆಯಿಂದ ಗರಗಸದ ಸದ್ದು ಮನೆಯೊಳಗೆಲ್ಲ ಹರಿದು ಹಿತ್ತಲಿಗೂ ಬರುತ್ತಿತ್ತು. ಅಲ್ಲಿ ಸಣ್ಣ ಬಡಗಿ ಯಾರದೋ ಕಿಟಕಿಗೆ ಹಲಗೆ ಕೊಯ್ಯುತ್ತಿದ್ದ. ಇಲ್ಲಿ ಅವನ ಅಪ್ಪ, ದೊಡ್ಡ ಬಡಗಿ, ಕುಕ್ಕುರುಗಾಲಲ್ಲಿ ಕೂತು ಟೊಮೆಟೊ ಸಸಿ ನೆಡುತ್ತಿದ್ದ. ಎಡಗೈಯಲ್ಲಿ ಗುಳಿ ತೋಡಿ, ಎಡಗೈಯಲ್ಲೇ ಸಸಿ ಇಟ್ಟು, ಬಲಗೈಯನ್ನು ಬರೀ ಮಣ್ಣು ಒತ್ತಲು ಬಳಸುತ್ತಿದ್ದ. ಆ ಕೈ ಅವನ ಮಾತು ಕೇಳುವುದನ್ನು ಬಿಟ್ಟು ವರ್ಷವೇ ಆಗಿತ್ತು.

ಅದು ನಡುಗುತ್ತಿತ್ತು. ಮೊದಮೊದಲು ಲೋಟ ಹಿಡಿದಾಗ, ಆಮೇಲೆ ಉಳಿ ಹಿಡಿದಾಗಲೂ. ಒಂದು ದಿನ ಗಿರಾಕಿಯೊಬ್ಬರ ಬಾಗಿಲಿಗೆ ಬೀಗದ ಗುಳಿ ಕೆತ್ತುತ್ತಿದ್ದಾಗ ಉಳಿ ಜಾರಿ ಹಲಗೆಯ ನಟ್ಟನಡುವೆ ಗೇಣುದ್ದ ಗೀರು ಎಳೆಯಿತು. ಮಗ ಆ ಹಲಗೆ ಬಿಚ್ಚಿ ಬೇರೆ ಹಾಕಿದ, ಅಷ್ಟೆ. ಅಂದಿನಿಂದ ಮನೆಯವರೆಲ್ಲರದೂ ಒಂದೇ ಮಾತು: ಇನ್ನು ಸುಮ್ಮನೆ ಕೂತಿರಿ. ಜೀವಮಾನವೆಲ್ಲ ಊರಿಗೆ ಕುರ್ಚಿ ಮಾಡಿಕೊಟ್ಟವನಿಗೆ ಕೂರುವುದೇ ಗೊತ್ತಿರಲಿಲ್ಲ. ಗೋಡೆ ಬದಿಯ ಕುರ್ಚಿಯಲ್ಲಿ ಅವನು ಕೂತರೆ, ಕೆಲಸಕ್ಕೆ ಬಂದ ಗಿರಾಕಿ ಕಾಯುತ್ತಿದ್ದಾನೇನೋ ಅನ್ನಿಸುತ್ತಿತ್ತು.

ಆದ್ದರಿಂದ ಹಿತ್ತಲು. ಆದರೆ ಹಿತ್ತಲ ಮೇಲೆ ಮಗನ ಕಣ್ಣೂ ಇತ್ತು. ಸಸಿ ತರುವ ಮೊದಲೇ ಅವನು ಮಾತು ತೆಗೆದಿದ್ದ.

"ಅಪ್ಪಾ, ಬೇಸಿಗೆ ಮುಗಿಯೋ ಹೊತ್ತಿಗೆ ಒಂದು ಲಾರಿ ಮರ ಬರುತ್ತೆ. ಮುಂದೆ ಜಾಗ ಇಲ್ಲ. ಹಿತ್ತಲಿಗೆ ಶೀಟು ಹೊದಿಸಿಬಿಡೋಣ."

"ಅಲ್ಲಿ ಟೊಮೆಟೊ ಹಾಕ್ತೀನಿ."

"ಟೊಮೆಟೊ ಮಾರ್ಕೆಟ್ಟಲ್ಲಿ ಸಿಗುತ್ತೆ."

"ಮರ ಕಾಡಲ್ಲೂ ಸಿಗುತ್ತೆ. ಅದನ್ನ ಮನೆಗೆ ಯಾಕೆ ತರ್ತೀಯ?"

ಕೊನೆಗೆ ಊಟದ ಹೊತ್ತಿನಲ್ಲಿ ಎಲ್ಲರೆದುರು ಒಪ್ಪಂದವಾಯಿತು. ಲಾರಿ ಬರುವಷ್ಟರಲ್ಲಿ ಮನೆಯ ಅಡುಗೆಗೆ ಸಾಲುವಷ್ಟು ಹಣ್ಣಾದರೆ ಹಿತ್ತಲು ಅಪ್ಪನದು, ಮರಕ್ಕೆ ಜಾಗ ಹುಡುಕುವುದು ಮಗನ ಪಾಡು. ಆಗದಿದ್ದರೆ ಹಿತ್ತಲು ಮರದ್ದು, ಅಪ್ಪ ಕುರ್ಚಿಗೆ.

ಗೊಬ್ಬರಕ್ಕೆ ಅವನು ಹೋದದ್ದು ಹಾಲಿನಕ್ಕನ ಕೊಟ್ಟಿಗೆಗೆ. ಬೀದಿಗೆಲ್ಲ ಹಾಲು ಕೊಡುವ ಆಕೆ ಮಾತಿನಲ್ಲಿ ಮಾತ್ರ ಹನಿ ನೀರೂ ಬೆರೆಸದವಳು. ಕೊಟ್ಟಿಗೆಯ ಹಿಂದೆ ವರ್ಷಗಟ್ಟಲೆ ಕೊಳೆತು ಚಹಾಪುಡಿಯಂತೆ ಉದುರುದುರಾಗಿದ್ದ ಗೊಬ್ಬರವನ್ನು ತಳ್ಳುಗಾಡಿ ತುಂಬ ತುಂಬಿಸಿಕೊಟ್ಟಳು.

"ಎಷ್ಟು ಕೊಡಲಿ ಅಕ್ಕಾ?"

"ದುಡ್ಡು ಬೇಡ ಬಡಗಿಯಣ್ಣ. ಮೊದಲನೇ ಕೊಯ್ಲು ನಂದು. ನನ್ನ ಬುಟ್ಟಿ ತುಂಬಿದ ಮೇಲೇ ನಿನ್ನ ಮನೆ ಒಲೆಗೆ. ಒಪ್ಪಿಗೆನಾ?"

"ಒಪ್ಪಿಗೆ" ಅಂದುಬಿಟ್ಟ. ಬುಟ್ಟಿ ಎಷ್ಟು ದೊಡ್ಡದೆಂದು ಕೇಳಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬಡಗಿಯ ಮನೆಯಲ್ಲಿ ಬಿಟ್ಟಿ ಸಿಗುವ ವಸ್ತುವೊಂದಿತ್ತು: ಗರಗಸದ ಹೊಟ್ಟು. ಮರ ಮಣ್ಣಿನಿಂದಲೇ ಬಂದದ್ದು, ಅದರ ಪುಡಿ ಮಣ್ಣಿಗೆ ಸೇರಿದರೆ ನೆಂಟರು ಮನೆಗೆ ಬಂದಂತೆ ತಾನೆ ಎಂದುಕೊಂಡು ಅವನು ಮಂಕರಿಗಟ್ಟಲೆ ಹಸಿ ಹೊಟ್ಟನ್ನು ಪಾತಿಯೊಳಗೆ ಕಲಸಿದ. ಮೇಲೂ ಒಂದು ಪದರ ಹರಡಿದ. ಆ ನೆಂಟರು ಬಂದವರೇ ಗಿಡಕ್ಕಿಟ್ಟ ಊಟವನ್ನೆಲ್ಲ ತಾವೇ ತಿನ್ನತೊಡಗಿದರು. ಕೆಲವೇ ದಿನಗಳಲ್ಲಿ ಸಸಿಗಳ ಕೆಳಗಿನ ಎಲೆ ಹಳದಿಯಾಯಿತು, ಆಮೇಲೆ ಮೇಲಿನವೂ. ಇಡೀ ಪಾತಿ ಜ್ವರ ಬಂದು ಎದ್ದ ಮಕ್ಕಳ ಸಾಲಿನಂತೆ ಕಾಣಿಸಿತು.

ಮನೆಯವರೆಲ್ಲ ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದು ನೋಡಿದರು. ಯಾರೂ ಏನೂ ಅನ್ನಲಿಲ್ಲ.

ಆ ಮನೆಯ ರೂಢಿಯೇ ಹಾಗೆ. ದೊಡ್ಡ ಬಡಗಿ ಮದುವೆಯಾದ ಹೊಸತರಲ್ಲೇ ಹೆಂಡತಿಗೆ ಹೇಳಿದ್ದ: ಚೌಕಟ್ಟಿಗೆ ತೂಗಿಹಾಕುವ ತನಕ ಬಾಗಿಲಿನ ಮಾತು ಆಡಬಾರದು. ಅರ್ಧ ಆದ ಕೆಲಸದ ಬಗ್ಗೆ ಬಾಯಿಬಿಟ್ಟರೆ ಗಿರಾಕಿಯೂ ಬಾಯಿ ಹಾಕುತ್ತಾನೆ, ಕೆಲಸ ಕೆಡುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರದು. ಈ ಮಾತನ್ನು ಹೆಂಡತಿ ಮಗನಿಗೆ ಕಲಿಸಿದಳು, ಮಗ ತನ್ನ ಹೆಂಡತಿಗೆ ಕಲಿಸಿದ. ಹಾಗಾಗಿ ಆ ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬುದು ಅದು ಮುಗಿದ ಮೇಲೇ ಮಿಕ್ಕವರಿಗೆ ತಿಳಿಯುತ್ತಿದ್ದದ್ದು.

ದೊಡ್ಡ ಬಡಗಿಯೂ ಯಾರಿಗೂ ಹೇಳದೆ ಗೊಬ್ಬರದಂಗಡಿಗೆ ಹೋದ. ಅಂಗಡಿಯವನು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ವ್ಯಾಪಾರ ಮಾಡುವವನು.

"ಯಾತಕ್ಕೆ ಬೇಕು?"

"ಟೊಮೆಟೊಗೆ. ಎಲೆ ಹಳದಿ ಆಗಿದೆ."

"ಎಲೆಗೆ ಬೇಕಾ, ಬೇರಿಗೆ ಬೇಕಾ, ಕಾಯಿಗೆ ಬೇಕಾ?"

"ಗಿಡ ಒಂದೇ ಅಲ್ವೇನಪ್ಪ? ಎಲೆಗೊಂದು ಅಂಗಡಿ, ಕಾಯಿಗೊಂದು ಅಂಗಡಿ ಅಂತ ಇದೆಯಾ?"

ಅಂಗಡಿಯವನು ಚೀಲಗಳ ಮೇಲೆ ಬೆರಳಿಟ್ಟು ತೋರಿಸಿದ. ಒಂದೊಂದರ ಮೇಲೂ ಮೂರು ಅಂಕಿ. "ಮೊದಲನೇದು ಎಲೆಗೆ. ಮಧ್ಯದ್ದು ಬೇರಿಗೆ, ಹೂವಿಗೆ. ಕೊನೇದು ಕಾಯಿಗೆ. ಈಗ ಸ್ವಲ್ಪ ದಿನ ಮೊದಲನೇದು ಜಾಸ್ತಿ ಇರೋದು ಹಾಕಿ. ಹೂ ಕಂಡ ತಕ್ಷಣ ಅದನ್ನ ಬಿಟ್ಟು ಕೊನೇದು ಜಾಸ್ತಿ ಇರೋದು ಹಾಕಿ."

ದೊಡ್ಡ ಬಡಗಿಗೆ ಇದು ಸರಿಬೀಳಲಿಲ್ಲ. ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡ ಇರುವ ಮೇಜನ್ನು ಅವನು ಯಾರಿಗೂ ಕೊಟ್ಟವನಲ್ಲ. ಸಾಲಿನುದ್ದಕ್ಕೂ ಕಣ್ಣಾಡಿಸಿ, ಮೂರು ಅಂಕಿಯೂ ಸಮವಿದ್ದ ಪೊಟ್ಟಣವೊಂದನ್ನು ಎತ್ತಿಕೊಂಡ. "ಇದು ಮಟ್ಟವಾಗಿದೆ. ಇದೇ ಇರಲಿ."

"ಅದೂ ನಡೆಯುತ್ತೆ. ಒಂದು ಬಕೆಟ್ ನೀರಿಗೆ ಒಂದು ಚಮಚ, ವಾರಕ್ಕೊಂದು ಸಲ. ಆದ್ರೆ ಹೂ ಬಂದ ಮೇಲೆ ಬದಲಾಯಿಸಬೇಕು, ಮರೀಬೇಡಿ."

"ಮೇಜಿನ ಕಾಲನ್ನ ಮಧ್ಯದಲ್ಲಿ ಬದಲಾಯಿಸ್ತಾರೇನಪ್ಪ?"

ಅಂಗಡಿಯವನಿಗೆ ಮೇಜು ಎಲ್ಲಿಂದ ಬಂತೆಂದು ಅರ್ಥವಾಗಲಿಲ್ಲ. ಪೊಟ್ಟಣ ಕಟ್ಟಿಕೊಟ್ಟ.

ಅಳತೆ ತಪ್ಪದವನೆಂದು ಹೆಸರಾದ ದೊಡ್ಡ ಬಡಗಿ ಒಂದು ಚಮಚ ಎಂದರೆ ಒಂದೇ ಚಮಚ ಹಾಕಬೇಕೆಂದು ಹೊರಟ. ಆದರೆ ಬಲಗೈ ನಡುಗಿ ಪೊಟ್ಟಣದ ಬಾಯಿ ಬಕೆಟ್ಟಿಗೆ ಬಾಗಿ, ಚಮಚದ ಸುತ್ತಲೂ ಇನ್ನೂ ಅಷ್ಟೇ ಪುಡಿ ಸುರಿಯಿತು. ನೀರಲ್ಲಿ ಕರಗಿದ್ದನ್ನು ಹೆಕ್ಕುವುದೆಂತು? ಸ್ವಲ್ಪ ಹೆಚ್ಚಾದರೆ ಏನಾಯಿತು ಎಂದು ಹೊಯ್ದ. ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ.

ಗಿಡ ಎದ್ದಿತು. ಎದ್ದದ್ದು ಅಂದರೆ ಅಂತಿಂಥದಲ್ಲ. ಹಳದಿ ಹೋಗಿ ಹಸಿರಾಯಿತು, ಹಸಿರು ಹೋಗಿ ಕಪ್ಪಾಯಿತು. ಕಾಂಡ ಹೆಬ್ಬೆರಳ ದಪ್ಪ, ಎಲೆ ಅಂಗೈ ಅಗಲ. ಅವನು ಕೊಟ್ಟ ಗೂಟ ಸಾಲದೆ ಎರಡನೆಯದು ಕೊಟ್ಟ, ಅದೂ ಬಾಗಿತು. ಮೊದಮೊದಲು ಎದೆಯುಬ್ಬಿಸಿ ಹಿತ್ತಲಲ್ಲಿ ಓಡಾಡಿದ. ಬರಬರುತ್ತಾ ಎಲೆಗಳನ್ನು ಸರಿಸಿ ಸರಿಸಿ ಒಳಗೆ ಹುಡುಕತೊಡಗಿದ. ಅಲ್ಲೊಂದು ಇಲ್ಲೊಂದು ಹೂ. ಮುಟ್ಟುವ ಮೊದಲೇ ತೊಟ್ಟು ಸಮೇತ ಉದುರುತ್ತಿತ್ತು. ಬೆಳಗ್ಗೆ ಹೋಗಿ ನೋಡಿದರೆ ನೆಲದ ತುಂಬ ಹಳದಿ ಚುಕ್ಕೆ, ಗಿಡದಲ್ಲಿ ಒಂದು ಹೀಚೂ ಇಲ್ಲ.

ಇದರ ಜೊತೆಗೆ ಹಿತ್ತಲಲ್ಲಿ ಒಂದು ಗಬ್ಬು ವಾಸನೆ. ಚರಂಡಿ ಕಟ್ಟಿಕೊಂಡಿದೆಯೆಂದು ಅವನು ಕೋಲು ಹಾಕಿ ತಿವಿದ. ಮರುವಾರ ಕಲ್ಲು ಎತ್ತಿ ತೊಳೆದ. ವಾಸನೆ ಹೋಗಲಿಲ್ಲ. ಹೆಂಡತಿಯನ್ನು ಕೇಳಿದರೆ "ನಂಗೇನೂ ಬರ್ತಿಲ್ಲಪ್ಪ" ಅಂದಳು. ಸೊಸೆಯನ್ನು ಕೇಳಿದರೆ "ನೆಗಡಿ ಮಾವ" ಅಂದಳು.

ಹಾಲಿನಕ್ಕ ದಿನವೂ ಹಾಲು ಅಳೆದು ಕೊಟ್ಟು, ಪಾತ್ರೆ ಮುಚ್ಚುವ ಮೊದಲು ಹಿತ್ತಲ ಕಡೆ ಕತ್ತು ಚಾಚುತ್ತಿದ್ದಳು.

"ಬಡಗಿಯಣ್ಣ, ನನ್ನ ಬುಟ್ಟಿ ಒಣಗ್ತಾ ಇದೆ."

"ಬರುತ್ತೆ ಅಕ್ಕಾ."

"ಏನು ಬರೋದು? ಬರೀ ಸೊಪ್ಪು. ನನ್ನ ಎಮ್ಮೆ ಮೇಯೋದಾದ್ರೂ ಆಗಿದ್ರೆ ಸಾಲ ಹಾಗೇ ತೀರಿಸಿಕೊಳ್ತಿದ್ದೆ. ಟೊಮೆಟೊ ಸೊಪ್ಪನ್ನ ಅದೂ ಮೂಸಲ್ಲ."

"ನಿನ್ನ ಗೊಬ್ಬರದ್ದೇ ಏನೋ ದೋಷ."

"ನನ್ನ ಗೊಬ್ಬರಕ್ಕೆ ದೋಷ ಹೇಳಬೇಡ. ಅದನ್ನ ಹಾಕಿದೋರ ಮನೇಲೆಲ್ಲ ಕಾಯಿ ಜೋತುಬಿದ್ದಿದೆ. ನೀನು ಮಾತ್ರ ಕಾಡು ಬೆಳೆಸಿದೀಯ. ಮಗನಿಗೆ ಮರಕ್ಕೆ ಅಂತ ಬೆಳೆಸಿದೆಯೋ ಏನೋ, ಕೊಯ್ಸು."

ಮುಂಗೋಣೆಯಿಂದ ಮಗನ ನಗು ಕೇಳಿಸಿತು. ದೊಡ್ಡ ಬಡಗಿ ಅಂದು ಪೊಟ್ಟಣದಲ್ಲಿ ಉಳಿದದ್ದನ್ನೆಲ್ಲ ಬಕೆಟ್ಟಿಗೆ ಸುರಿದು ಗಿಡಗಳಿಗೆ ಹೊಯ್ದ. "ತಿನ್ನಿ. ತಿಂದು ಸಾಯಿರಿ. ಒಂದೇ ಒಂದು ಕಾಯಿ ಬಿಟ್ಟು ಸಾಯಿರಿ" ಎಂದು ಹಲ್ಲು ಕಡಿದ.

ಎರಡು ದಿನಕ್ಕೆ ಮೂಲೆಯ ಗಿಡದ ಎಲೆಯಂಚು ಸುಟ್ಟು ಸುರುಳಿಯಾಯಿತು. ಬುಡ ನೋಡೋಣವೆಂದು ಹಳೆಯ ಉಳಿಯಿಂದ ಹೊಟ್ಟಿನ ಪದರ ಕೆದಕಿದ. ಅಡಿಯಲ್ಲಿ, ಇನ್ನೂ ನೀರು ತಾಗದ ಜಾಗದಲ್ಲಿ, ಸಾಬೂದಾನಿಯಂಥ ಬಿಳಿ ಹರಳುಗಳು ಹಿಡಿಯಷ್ಟು ಕಂಡವು. ಅವನು ಹಾಕಿದ್ದಲ್ಲ. ಅವನದು ಪುಡಿ, ನೀರಲ್ಲಿ ಕರಗಿದ್ದು. ಪಕ್ಕದ ಗಿಡ ಕೆದಕಿದ. ಅಲ್ಲೂ ಅದೇ.

ಯಾರೋ ಗಿಡಕ್ಕೆ ಏನೋ ಹಾಕುತ್ತಿದ್ದಾರೆ. ಗಿಡ ಸತ್ತರೆ ಹಿತ್ತಲು ಯಾರಿಗೆ ಎಂದು ಕೇಳಿಕೊಳ್ಳಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹರಳುಗಳನ್ನೆಲ್ಲ ಹೆಕ್ಕಿ ಪಂಚೆಯ ಅಂಚಿಗೆ ಕಟ್ಟಿಕೊಂಡ.

ಮಧ್ಯಾಹ್ನ ಊಟಕ್ಕೆ ಕೂತಾಗ ಆ ಹರಳುಗಳನ್ನು ಮಗನ ತಟ್ಟೆಯ ಪಕ್ಕ ಸುರಿದ.

"ಉಪ್ಪಾ ಮಾವ?" ಅಂದಳು ಸೊಸೆ.

"ಉಪ್ಪಲ್ಲ. ನನ್ನ ಗಿಡದ ಬುಡದಲ್ಲಿ ಸಿಕ್ತು. ಹಿತ್ತಲು ಬೇಕಿದ್ರೆ ಎದುರು ನಿಂತು ಕಿತ್ಕೊಳ್ಳಬೇಕಿತ್ತು. ಹೀಗೆ ಕಳ್ಳನ ಥರ ಸಾಯಿಸಬಾರದಾಗಿತ್ತು. ನನ್ನ ಕೈ ಹೋಗಿರಬಹುದು, ಕಣ್ಣು ಹೋಗಿಲ್ಲ."

ಮಗ ತುತ್ತನ್ನು ತಟ್ಟೆಗೆ ಇಳಿಸಿದ. ಮುಖ ಕೆಂಪಾಗಿತ್ತು.

"ಯೂರಿಯಾ ಅಪ್ಪ ಅದು."

"ವಿಷ."

"ಗೊಬ್ಬರ. ಎಲೆ ಹಳದಿ ತಿರುಗಿದಾಗಿಂದ ಹಾಕ್ತಿದೀನಿ. ನೀನು ಸ್ನಾನಕ್ಕೆ ಹೋದಾಗ, ವಾರಕ್ಕೊಂದು ಹಿಡಿ."

"ಯಾಕೆ?"

"ಯಾಕೆ ಅಂದ್ರೆ? ನೀನು ಸೋತು ಆ ಕುರ್ಚೀಲಿ ಕೂತ್ರೆ, ದಿನವಿಡೀ ಅದನ್ನ ನೋಡ್ತಾ ಕೆಲಸ ಮಾಡೋನು ಯಾರು? ನಾನು ತಾನೆ?"

ಬಡಿಸುತ್ತಿದ್ದ ಹೆಂಡತಿಯ ಸೌಟು ಪಾತ್ರೆಯಲ್ಲೇ ನಿಂತಿತ್ತು. ಆಮೇಲೆ ಆಕೆ ಯಾರನ್ನೂ ನೋಡದೆ, "ವಾರಕ್ಕೊಂದು ಹಿಡಿ ನೀನು ಹಾಕಿದ್ರೆ, ನಾನು ಹಾಕಿದ ಹಿಂಡಿ ನೀರು ಏನಾಯ್ತು?" ಅಂದಳು.

"ಯಾವ ಹಿಂಡಿ?"

"ಕಡಲೆಕಾಯಿ ಹಿಂಡಿ. ಹಳೇ ಕೊಡದಲ್ಲಿ ನೆನೆಹಾಕಿ, ಎರಡು ದಿನಕ್ಕೊಂದು ಸಲ ಹೊಯ್ತಿದ್ದೆ. ಪಾಪ, ಒಂದು ಕೆಲಸ ಆದ್ರೂ ಇವರಿಗೆ ಕೈಹತ್ತಲಿ ಅಂತ."

"ಅಯ್ಯೋ ಅತ್ತೆ" ಎಂದಳು ಸೊಸೆ ಸಣ್ಣಗೆ. "ಆ ವಾಸನೆ ನಿಮ್ಮದಾ? ನಾನು ನನ್ನ ಕೋಳಿಗೊಬ್ಬರದ್ದು ಅಂತ ಹೆದರಿ ಸಾಯ್ತಿದ್ದೆ."

ಕೋಳಿ ಸಾಕುವ ಅವಳಣ್ಣ ಬಂದಾಗಲೆಲ್ಲ ಒಂದು ಚೀಲ ತಂದುಕೊಟ್ಟು ಹೋಗುತ್ತಿದ್ದನಂತೆ. ಒಣಗಿಸದೆ, ಕೊಳೆಯಿಸದೆ, ಹಾಗೇ ಹಸಿಯದನ್ನು ಅವಳು ಸಾಲುಗಳ ನಡುವೆ ಹೂಳುತ್ತಿದ್ದಳು.

ದೊಡ್ಡ ಬಡಗಿ ಮೂವರ ಮುಖವನ್ನೂ ನೋಡಿದ. ಎರಡು ಸಲ ಚರಂಡಿಗೆ ಕೈಹಾಕಿದ್ದು ನೆನಪಾಯಿತು.

"ಒಬ್ಬರಾದ್ರೂ ಹೇಳಬಾರದಿತ್ತಾ?"

"ಹೇಳೋದು ಹೇಗ್ರೀ?" ಹೆಂಡತಿಗೂ ಈಗ ಸಿಟ್ಟು ಬಂದಿತ್ತು. "ತೂಗಿಹಾಕೋ ತನಕ ಬಾಗಿಲಿನ ಮಾತು ಆಡಬಾರದು ಅಂತ ಈ ಮನೆಗೆ ಕಲಿಸಿದ್ದು ಯಾರು? ನೀವು ಪೊಟ್ಟಣ ತಂದಿದ್ದನ್ನ ನಮಗೆ ಹೇಳಿದ್ರಾ?"

ಅವನು ಎದ್ದು ಕೈತೊಳೆದ. ಸಿಟ್ಟು ಸುರಿಯಲು ಜಾಗವಿರಲಿಲ್ಲ. ಒಬ್ಬನಾದರೂ ವೈರಿ ಇದ್ದಿದ್ದರೆ ಬೈದು ಹಗುರಾಗಬಹುದಿತ್ತು. ಹತ್ತು ಜನ ಸೇರಿ ಹೊಡೆದರೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ನಾಲ್ಕು ಜನ ಸೇರಿ ಸಾಕಿದರೆ ಗಿಡ ಕಾಯಿಬಿಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಗೊಬ್ಬರದಂಗಡಿಯವನು ಎಲ್ಲವನ್ನೂ ಕೇಳಿ, ಮೂಗಿನ ಬಟ್ಟೆ ಕೆಳಗಿಳಿಸಿ ನಕ್ಕ. "ನಾಲ್ಕೂ ಎಲೆಗೇ ಹೋಗೋದು. ಹೊಟ್ಟೆ ತುಂಬಿದ ಮಕ್ಕಳು ಕೆಲಸ ಮಾಡ್ತಾರಾ?"

"ಈಗ ಏನು ಹಾಕಲಿ?"

"ಏನೂ ಹಾಕಬೇಡಿ."

"ಏನೂ ಇಲ್ಲ ಅಂದ್ರೆ ಹೇಗಪ್ಪ? ಲಾರಿ ಬರೋ ಹೊತ್ತಾಯ್ತು. ಬೇಗ ಕಾಯಿ ಬರೋದು ಏನಾದ್ರೂ ಕೊಡು."

"ಕೋಳಿಗೊಬ್ಬರ ಎಷ್ಟಾಗುತ್ತೋ ಅಷ್ಟು ತೆಗೀರಿ. ಎರಡು ಸಲ ಬುಡ ತುಂಬ ನೀರು ಹಾಯಿಸಿ, ತೊಳೆದುಹೋಗಲಿ. ಆಮೇಲೆ ಸುಮ್ಮನೆ ಕೂತಿರಿ."

ಇಲ್ಲೂ ಅದೇ ಮಾತು. ದೊಡ್ಡ ಬಡಗಿ ಬರಿಗೈಯಲ್ಲಿ ಮನೆಗೆ ನಡೆದ.

ಅಂದೇ ಮನೆಗೆ ಹೊಸ ಕಟ್ಟಳೆ ಹಾಕಿದ: ಹಿತ್ತಲಿಗೆ ಯಾರೇ ಏನೇ ತೆಗೆದುಕೊಂಡು ಹೋದರೂ ಕೂಗಿ ಹೇಳಿ ಹೋಗಬೇಕು. ಸೊಸೆ ಬಟ್ಟೆ ಒಣಹಾಕಲು ಹೋದಾಗಲೂ "ಮಾವ, ಬಕೆಟ್ಟಲ್ಲಿ ಬಟ್ಟೆ ಇದೆ" ಎಂದು ಕೂಗತೊಡಗಿದಳು. ಗೌರವವೋ ಕುಚೋದ್ಯವೋ ತಿಳಿಯಲಿಲ್ಲ. ಅವನು ಎಡಗೈಯಲ್ಲಿ ಹೊಟ್ಟು ಕೆರೆದ, ಕೋಳಿಗೊಬ್ಬರ ಬಗೆದ, ನೀರು ಹಾಯಿಸಿದ, ಎಲೆಯ ಕಂಕುಳಲ್ಲಿ ಹುಟ್ಟಿದ ಕುಡಿಗಳನ್ನು ಚಿವುಟಿದ. ಅದೂ ಮುಗಿದ ಮೇಲೆ ಕೈಕಟ್ಟಿ ನಿಂತ. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಮರವಾಗಿದ್ದರೆ ಇನ್ನೊಂದು ಸಲ ಕೀಸಬಹುದಿತ್ತು, ಒಂದು ಬೆಣೆ ಹೊಡೆಯಬಹುದಿತ್ತು. ಗಿಡದ ಮುಂದೆ ಬಡಗಿಯ ವಿದ್ಯೆ ಒಂದೂ ನಡೆಯುತ್ತಿರಲಿಲ್ಲ.

ಬಿಸಿಲು ಏರಿತು. ಎಲೆಯ ಕಪ್ಪು ಇಳಿಯಿತು. ಒಂದು ಬೆಳಗ್ಗೆ ನೆಲದ ಮೇಲೆ ಹೂ ಕಡಿಮೆ ಬಿದ್ದಿತ್ತು. ಮತ್ತೊಂದು ಬೆಳಗ್ಗೆ ಎಲೆ ಸರಿಸಿದರೆ ಬಟಾಣಿಯಷ್ಟು ಹೀಚು. ಅವನು ಯಾರಿಗೂ ಹೇಳಬಾರದೆಂದುಕೊಂಡ; ಆಮೇಲೆ ಕಟ್ಟಳೆ ನೆನಪಾಗಿ, ಹಿತ್ತಲ ಬಾಗಿಲಲ್ಲಿ ನಿಂತು, "ಕಾಯಿ ಬಂದಿದೆ" ಎಂದು ಗೋಡೆಗೆ ಹೇಳುವವನಂತೆ ಹೇಳಿದ. ಮುಂಗೋಣೆಯಲ್ಲಿ ಗರಗಸ ನಿಂತಿತು.

ಕಾಯಿ ಹಸಿರಾಗಿದ್ದಾಗಲೇ ಲಾರಿ ಬಂದು ಬಾಗಿಲಲ್ಲಿ ನಿಂತಿತು.

ದೊಡ್ಡ ಬಡಗಿ ಹಿತ್ತಲಿಗೆ ಹೋಗಿ ಮೊದಲ ಗೂಟಕ್ಕೆ ಕೈಹಾಕಿದ. ಮಗ ಓಡಿಬಂದ.

"ಏನು ಮಾಡ್ತಿದೀಯ?"

"ಮಾತು ಮಾತೇ. ಹಣ್ಣಾಗಲಿಲ್ಲ. ಮರ ಇಳಿಸು."

"ಬಿಡಪ್ಪ ಗೂಟ. ಕಾಯಿ ಕಾಣೋ ಗಿಡ ಕಿತ್ತು ಮರ ಪೇರಿಸಿದ್ರೆ ಆ ಮರದಲ್ಲಿ ಯಾರ ಮನೆ ಬಾಗಿಲು ಮಾಡಲಿ?" ಮಗ ಗದರಿದ. "ಈ ಬೆಳೆ ಮುಗಿಯಲಿ. ಆಮೇಲೆ ಶೀಟು. ಆಗ ಮಾತ್ರ ತಕರಾರು ತೆಗೀಬೇಡ."

ಮರವನ್ನು ನಡುಮನೆಗೆ ಇಳಿಸಿದರು. ಗೋಡೆಯಿಂದ ಗೋಡೆಗೆ ಹಲಗೆಗಳು. ಮಲಗುವ ಕೋಣೆಗೆ ಹೋಗಬೇಕಾದರೆ ತೊಲೆ ಹತ್ತಿ ಇಳಿಯಬೇಕು. ಹೆಂಡತಿಯ ಸೀರೆ ಸಿಬಿರಿಗೆ ಸಿಕ್ಕಿ ಹರಿಯಿತು, ಸೊಸೆಯ ಕಾಲ್ಬೆರಳು ಜಜ್ಜಿತು, ಮಗ ಸ್ವಂತ ಮರಕ್ಕೇ ಮೊಣಕಾಲು ತಾಗಿಸಿಕೊಂಡು ದಿನಕ್ಕೆರಡು ಸಲ ಶಪಿಸಿದ. ಇಡೀ ಮನೆ ಟೊಮೆಟೊ ಕೆಂಪಾಗುವುದನ್ನು ಕಾಯುತ್ತಾ ಮುಖ ಕೆಂಪು ಮಾಡಿಕೊಂಡಿತು.

ಕೆಂಪಾದವು. ಮನೆ ತುಂಬುವಷ್ಟಲ್ಲ, ಒಂದು ಬುಟ್ಟಿಗೆ ಸಾಲುವಷ್ಟು. ಹೆಂಡತಿ ಅಡುಗೆಗೆ ಎರಡು ಎತ್ತಿಕೊಂಡಳು. "ಒಂದೂ ಇಲ್ಲ. ಮೊದಲು ಸಾಲ" ಎಂದು ಅವನು ಅವಳ ಕೈಯಿಂದ ಹಿಂದಕ್ಕೆ ಇಸಿದುಕೊಂಡ.

ಹಾಲಿನಕ್ಕ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಒಂದನ್ನು ಸೆರಗಿಗೆ ಒರೆಸಿ ಕಚ್ಚಿದಳು. ನಿಧಾನವಾಗಿ ಅಗಿದಳು. ದೊಡ್ಡ ಬಡಗಿ ಅವಳ ದವಡೆಯನ್ನೇ ನೋಡುತ್ತಾ ನಿಂತಿದ್ದ.

"ಸಪ್ಪೆ" ಅಂದಳು.

"ಏನು?"

"ಸಪ್ಪೆ ಬಡಗಿಯಣ್ಣ. ಹುಳಿಯೂ ಇಲ್ಲ, ಸಿಹಿಯೂ ಇಲ್ಲ. ನೀರು ಅಗಿದ ಹಾಗಿದೆ. ಇದು ನನ್ನ ಗೊಬ್ಬರದ ಹಣ್ಣಲ್ಲ. ನಿನ್ನ ಸೊಸೆ ಎಲ್ಲಾ ಹೇಳಿದಾಳೆ. ಇದರಲ್ಲಿ ನಿನ್ನ ಪೊಟ್ಟಣ ಇದೆ, ನಿನ್ನ ಮಗನ ಯೂರಿಯಾ ಇದೆ, ಕೋಳಿ ಇದೆ, ಹಿಂಡಿ ಇದೆ. ನಾನು ಕೊಟ್ಟಿದ್ದಕ್ಕೆ ಇದನ್ನ ಹೇಗೆ ಜಮಾ ಮಾಡಿಕೊಳ್ಳಲಿ?"

"ಹಾಗಾದ್ರೆ ಬುಟ್ಟಿ ಇಡು."

"ಯಾಕೆ ಇಡಲಿ? ಇದು ಬಡ್ಡಿ. ಅಸಲು ಹಾಗೇ ಇದೆ. ಮುಂದಿನ ಸಲ ನನ್ನ ಗೊಬ್ಬರ ಒಂದೇ ಹಾಕಿ ಬೆಳೆದು ತೀರಿಸು."

ಬಾಗಿಲಲ್ಲಿ ನಿಂತಿದ್ದ ಮಗ ಮುಂದೆ ಬಂದ. "ಅಕ್ಕಾ, ಮುಂದಿನ ಸಲ ಇಲ್ಲ. ಹಿತ್ತಲಿಗೆ ಶೀಟು ಹೊದಿಸ್ತಾ ಇದೀವಿ."

"ಹೊದಿಸಪ್ಪ, ಬೇಡ ಅಂದೋರು ಯಾರು? ಸಾಲ ತೀರಿಸಿ ಹೊದಿಸು. ಆ ನೆಲದಲ್ಲಿ ನನ್ನ ಒಂದು ಗಾಡಿ ಗೊಬ್ಬರ ಇದೆ. ಅದನ್ನ ಮುಚ್ಚಿ ಮೇಲೆ ಮರ ಪೇರಿಸಿದ್ರೆ ನಾಳೆಯಿಂದ ಬೀದಿಗೆಲ್ಲ ಹಾಲಿನ ಜೊತೆ ಈ ಮಾತನ್ನೂ ಅಳೆದು ಕೊಡ್ತೀನಿ."

ಮಗ ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡುತ್ತಿದ್ದ. ಮಗ ತನ್ನ ಮೊಣಕಾಲನ್ನು ಉಜ್ಜಿಕೊಳ್ಳುತ್ತಾ, ನಡುಮನೆಯ ಮರದ ರಾಶಿಯ ಮೇಲೆ ಹತ್ತಿ ಆಚೆ ಇಳಿದು, ಮರ ಇಡಲು ಬಾಡಿಗೆಗೆ ಎಲ್ಲಾದರೂ ಷೆಡ್ಡು ಸಿಗುತ್ತದೆಯೇ ಎಂದು ಬೀದಿಯ ಕಡೆ ಹೊರಟ.

ಹಾಲಿನಕ್ಕ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಎದ್ದಳು. ಅರ್ಧ ಕಚ್ಚಿದ ಹಣ್ಣನ್ನು ಪೂರ್ತಿ ತಿಂದು, ಬೆರಳಿಗೆ ಅಂಟಿದ ರಸವನ್ನೂ ನೆಕ್ಕಿದಳು. ಸಪ್ಪೆ ಹಣ್ಣನ್ನು ಯಾರೂ ಹಾಗೆ ತಿನ್ನುವುದಿಲ್ಲ ಎಂದು ದೊಡ್ಡ ಬಡಗಿಗೆ ಅನ್ನಿಸಿತು. ನಿಜ ಏನೆಂದು ಈಗಲೇ ತಿಳಿಯಲು ದಾರಿಯಿರಲಿಲ್ಲ. ಗಿಡದಲ್ಲಿ ಉಳಿದವೆಲ್ಲ ಇನ್ನೂ ಹಸಿರು ಕಾಯಿಗಳೇ. ತಿಂಗಳುಗಟ್ಟಲೆ ಬೆವರು ಸುರಿಸಿ ಬೆಳೆದ ಹಣ್ಣಿನ ರುಚಿ ಬೀದಿಯ ತಿರುವಿನಲ್ಲಿ ಅವಳ ಸೊಂಟದ ಮೇಲೆ ಮರೆಯಾಯಿತು.

"ಏನಂತೆ?" ಒಳಗಿನಿಂದ ಹೆಂಡತಿ ಕೇಳಿದಳು. "ಸಾಲ ತೀರ್ತಾ?"

"ಇಲ್ಲ" ಎಂದು ಅವನು ಗುಳಿ ತೋಡುವ ಹಳೆಯ ಉಳಿಗಾಗಿ ತಡಕಾಡಿದ. "ಇನ್ನೂ ಬಾಕಿ ಇದೆ."